ಅಪ್ಪನ ಸ್ಪೀಕರ್ ಬದಲಿಸಬೇಕೇ?

ಹೊಳಲ್ಕೆರೆಯ ನಮ್ಮ ನಡುಮನೆಯಲ್ಲಿ ಅಪ್ಪ ತಂದಿಟ್ಟ ಎರಡು ಮರದ ಸ್ಪೀಕರ್‌ಗಳಿವೆ. ‘ನಾಗರಹಾವು’ (1972) ಕ್ಯಾಸೆಟ್ ಹಾಕಿದಾಗಲೆಲ್ಲ ಅಪ್ಪ, ‘ನಮ್ಮ ದುರ್ಗದ ಕೋಟೇಲಿ ತೆಗೆದ ಸಿನಿಮಾ’ ಎನ್ನುತ್ತಿದ್ದರು. ವಿಜಯಭಾಸ್ಕರ್ ಸಂಗೀತ ಬೀದಿಗೆಲ್ಲ ಕೇಳುತ್ತಿತ್ತು. ಅಪ್ಪ ಈಗಿಲ್ಲ.

ಈಚೆಗೆ ಎಡಗಡೆಯ ಸ್ಪೀಕರ್ ಗೊರಗೊರ ಎನ್ನತೊಡಗಿತು. ‘ಎಸೆದು ಬ್ಲೂಟೂತ್‌ದು ತರೋಣಪ್ಪ’ ಎಂದ ಮಗ. ಅಮ್ಮ ಏನೂ ಹೇಳಲಿಲ್ಲ, ಸೆರಗಿನಿಂದ ಪೆಟ್ಟಿಗೆಯ ಧೂಳು ಒರೆಸಿದಳು.

ಮೊದಲು ಸ್ವಿಚ್ ಆರಿಸಿ, ಎಡ ಬಲ ವೈರುಗಳನ್ನು ಅದಲುಬದಲು ಮಾಡಿದೆವು. ಗೊರಗೊರ ಬಲಕ್ಕೆ ಹೋಗಿದ್ದರೆ ತಪ್ಪು ಆಂಪ್ಲಿಫೈಯರ್‌ನದು. ಹೋಗಲಿಲ್ಲ. ಮುಂದಿನ ಬಟ್ಟೆ ತೆಗೆದರೆ, ಕಾಗದದ ಕೋನ್ ಗಟ್ಟಿಯಾಗಿಯೇ ಇತ್ತು; ಅದರ ಸುತ್ತಲಿನ ಫೋಮ್ ಬಳೆ ಮಾತ್ರ ಮುಟ್ಟಿದರೆ ಪುಡಿ! ಗಾಳಿಯ ತೇವಕ್ಕೆ, ಸೆಕೆಗೆ ಫೋಮ್ ಹೀಗೆ ಹಾಳಾಗುತ್ತದೆ. ರಬ್ಬರಿನ ಬಳೆ ಹೆಚ್ಚು ಕಾಲ ಬಾಳುತ್ತದೆ.

ಕೋನನ್ನು ಎರಡೂ ಬದಿ ಬೆರಳಿಟ್ಟು ಮೆಲ್ಲಗೆ ಒತ್ತಿಸಿದೆ. ‘ಕರಕರ ಕೇಳ್ತಾ?’ ‘ಇಲ್ಲ’ ಎಂದ ಮಗ. ಅಂದರೆ ಒಳಗಿನ ತಾಮ್ರದ ಸುರುಳಿ ಎಲ್ಲೂ ಉಜ್ಜುತ್ತಿಲ್ಲ. ಸುರುಳಿಯೇ ಸುಟ್ಟಿದ್ದರೆ ಬಹುಶಃ ನಾನೂ ಹೊಸದಕ್ಕೇ ಒಪ್ಪುತ್ತಿದ್ದೆ.

ಚಿತ್ರದುರ್ಗದ ರಿಪೇರಿಯವರು ಅಳತೆ ತೆಗೆದು, ‘ಎರಡಕ್ಕೂ ಹಾಕಿಸಿ ಸಾರ್, ಒಂದಕ್ಕೇ ಹಾಕಿದ್ರೆ ದನಿ ಹೊಂದಲ್ಲ’ ಎಂದರು. ಹಳೆಯ ಅಂಟು ಕೆರೆದು, ಹೊಸ ಬಳೆ ಅಂಟಿಸಿ, ರಾತ್ರಿಯಿಡೀ ಒಣಗಲು ಬಿಟ್ಟರು. ಬಸ್ಸಿನಲ್ಲಿ ಒಂದು ನನ್ನ ತೊಡೆಯ ಮೇಲೆ, ಇನ್ನೊಂದು ಮಗನ ತೊಡೆಯ ಮೇಲೆ ಮನೆಗೆ ಬಂದವು.

ಅಪ್ಪನ ಕ್ಯಾಸೆಟ್ ಮುಗಿದ ಮೇಲೆ ಮಗ ವೈರು ಸಿಕ್ಕಿಸಿ ತನ್ನ ಫೋನಿನ ಹಾಡು ಹಾಕಿದ. ಕಿಟಕಿ ಗಾಜು ಅದುರಿತು.

‘ಸಣ್ಣಗೆ ಮಾಡೋ, ನಿಮ್ಮ ತಾತನ ಥರಾನೇ ಆದೆ’ ಎಂದಳು ಅಮ್ಮ.