ಬೀಗ ಹಾಕಿದ ಮನೆಯ ಲೆಕ್ಕ

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದ ಕಡೆಯ ಲಂಬಾಣಿ ತಾಂಡಾಗಳಲ್ಲಿ ಎಷ್ಟು ಜನ ಇದ್ದಾರೆ? ಈ ಪ್ರಶ್ನೆಗೆ ಉತ್ತರ ಯಾವ ತಿಂಗಳಲ್ಲಿ ಕೇಳುತ್ತೀರಿ ಎಂಬುದರ ಮೇಲೆ ನಿಂತಿದೆ. ಮಿರಗದ ಮಳೆ ಬಿದ್ದು ಹೆಸರು, ಉದ್ದು, ತೊಗರಿ ಬಿತ್ತುವ ಹೊತ್ತಿಗೆ ಮನೆ ತುಂಬ ಜನ. ತೊಗರಿ ರಾಶಿ ಮುಗಿದು ಸಂಕ್ರಾಂತಿ ದಾಟಿತೆಂದರೆ ಎಷ್ಟೋ ಬಾಗಿಲುಗಳಿಗೆ ಬೀಗ. ಪಕ್ಕದ ಮನೆಯಲ್ಲಿ ವಿಚಾರಿಸಿದರೆ, ‘ದುಡೀಲಾಕ ಬೊಂಬಾಯಿಗಿ ಹೋಗ್ಯಾರ್ರಿ’ ಎಂಬ ಉತ್ತರ. ಮುಂಬೈ ಅಲ್ಲದಿದ್ದರೆ ಪುಣೆ, ಹೈದರಾಬಾದ್, ಬೆಂಗಳೂರು. ಇದೇ ಗುಳೆ.

ಗುಳೆ ಹೋದ ಒಬ್ಬೊಬ್ಬರನ್ನೂ ಕೇಳಿದರೆ ಕಾರಣ ಒಂದೊಂದು: ಮಗಳ ಮದುವೆಯ ಸಾಲ, ಕೈಕೊಟ್ಟ ತೊಗರಿ, ಆಸ್ಪತ್ರೆಯ ಖರ್ಚು. ಆದರೆ ಪ್ರತಿವರ್ಷ ಅದೇ ತಿಂಗಳಲ್ಲಿ, ಅದೇ ತಾಂಡಾಗಳಿಂದ, ಅದೇ ನಗರಗಳಿಗೆ ಜನ ಹೊರಡುತ್ತಾರೆಂದರೆ ಅದು ಬರೀ ಒಬ್ಬೊಬ್ಬರ ಮನಸ್ಸಿನ ತೀರ್ಮಾನವಲ್ಲ. ಫ್ರಾನ್ಸಿನ ಎಮಿಲ್ ಡರ್ಕ್‌ಹೈಮ್ 1895ರಲ್ಲಿ ಇಂಥದ್ದನ್ನು ‘ಸಾಮಾಜಿಕ ಸಂಗತಿ’ ಎಂದು ಕರೆದ. ವ್ಯಕ್ತಿಯ ಹೊರಗೆ ನಿಂತು, ವ್ಯಕ್ತಿಯ ಮೇಲೆ ಒತ್ತಡ ಹಾಕುವ ಸಂಗತಿ ಅದು. ಅಮೆರಿಕದ ಸಿ. ರೈಟ್ ಮಿಲ್ಸ್ 1959ರಲ್ಲಿ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳಿದ. ಒಬ್ಬನ ಸಂಕಟವನ್ನು ಎಲ್ಲರ ಪ್ರಶ್ನೆಯ ಜೊತೆ ಜೋಡಿಸಿ ನೋಡುವ ಕಣ್ಣೇ ಸಮಾಜಶಾಸ್ತ್ರದ ಕಣ್ಣು ಎಂಬುದು ಅವನ ವಾದ.

ಈ ಸಂಗತಿಯನ್ನು ಅಳೆಯಬೇಕು. ಅಳೆಯಲು ಹೊರಟ ಕೂಡಲೇ ತೊಡಕು ಶುರುವಾಗುತ್ತದೆ.

ಮೊದಲು ಜನಗಣತಿಯನ್ನೇ ನೋಡಿ. 2011ರಲ್ಲಿ ಎಣಿಕೆದಾರರು ಮನೆಮನೆಗೆ ಬಂದದ್ದು ಫೆಬ್ರುವರಿ 9ರಿಂದ 28ರವರೆಗೆ. ಆ ಇಪ್ಪತ್ತು ದಿನಗಳಲ್ಲಿ ಒಂದು ದಿನವೂ ಊರಿನಲ್ಲಿ ಇರದವರನ್ನು ಊರಿನ ಲೆಕ್ಕಕ್ಕೆ ಸೇರಿಸುವಂತಿಲ್ಲ. ಅವರು ಎಲ್ಲಿ ಸಿಗುತ್ತಾರೋ ಅಲ್ಲಿ ಎಣಿಸಬೇಕು. ದೇಶದ ಒಟ್ಟು ಮೊತ್ತಕ್ಕೆ ಇದರಿಂದ ತೊಂದರೆಯಿಲ್ಲ. ಪುಣೆಯ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಇದ್ದವರು ಪುಣೆಯ ಲೆಕ್ಕಕ್ಕೆ ಸೇರುತ್ತಾರೆ. ಆದರೆ ಮುಂಗಾರಿಗೆ ಅವರು ಮರಳಿ ಬರುವುದು ಚಿಂಚೋಳಿಗೆ. ರೇಷನ್ನು, ಅಂಗನವಾಡಿ, ಶಾಲೆಯ ಕೋಣೆ ಬೇಕಾಗುವುದೂ ಅಲ್ಲಿಯೇ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಚಿಂಚೋಳಿ, ಸೇಡಂ, ಚಿತ್ತಾಪುರ ಆ ಪಟ್ಟಿಯಲ್ಲಿವೆ. ಇಂಥ ಹಿಂದುಳಿದಿರುವಿಕೆಯನ್ನು ಅಳೆಯಲು ಇಷ್ಟು ಜನಕ್ಕೆ ಎಷ್ಟು ಶಾಲೆ, ಎಷ್ಟು ಹಾಸಿಗೆ ಎಂದು ಭಾಗಿಸುವಾಗ ಕೆಳಗೆ ಬರುವ ಅಂಕಿ ಜನಸಂಖ್ಯೆಯೇ. ಆ ಅಂಕಿ ಕುಗ್ಗಿದರೆ ಇರುವ ಸೌಲಭ್ಯವೇ ಹೆಚ್ಚಾಗಿ ಕಾಣುತ್ತದೆ. ಇದು ನನಗೆ ಸಣ್ಣ ವಿಷಯವಾಗಿ ತೋರುವುದಿಲ್ಲ.

ಇನ್ನೊಂದು ದಾರಿ ಮಾದರಿ ಸಮೀಕ್ಷೆ. ರಾಷ್ಟ್ರೀಯ ಮಾದರಿ ಸಮೀಕ್ಷೆ ತನ್ನ 64ನೇ ಸುತ್ತಿನಲ್ಲಿ, ಅಂದರೆ 2007-08ರಲ್ಲಿ, ಅಲ್ಪಾವಧಿ ವಲಸೆಯನ್ನು ಬೇರೆಯಾಗಿಯೇ ಕೇಳಿತು. ಹಿಂದಿನ 365 ದಿನಗಳಲ್ಲಿ ಕೆಲಸಕ್ಕಾಗಿ ಒಂದು ತಿಂಗಳಿಗೆ ಕಡಿಮೆಯಿಲ್ಲದಂತೆ, ಆರು ತಿಂಗಳಿನೊಳಗೆ ಹೊರಗೆ ಇದ್ದವರು ಎಂಬುದು ಅದರ ವ್ಯಾಖ್ಯೆ. ದೇಶದಲ್ಲಿ ಅಂಥವರು ಒಂದೂವರೆ ಕೋಟಿಯ ಒಳಗೇ ಎಂಬ ಅಂದಾಜು ಬಂತು. 2009ರಲ್ಲಿ ಪ್ರಿಯಾ ದೇಶಿಂಗ್‌ಕರ್ ಮತ್ತು ಶಾಹೀನ್ ಅಖ್ತರ್, ಯಾವ ಯಾವ ಉದ್ಯಮದಲ್ಲಿ ಎಷ್ಟು ವಲಸೆ ಕಾರ್ಮಿಕರಿದ್ದಾರೆ ಎಂದು ಒಂದೊಂದಾಗಿ ಕೂಡಿಸುತ್ತಾ ಹೋಗಿ ಸುಮಾರು 10 ಕೋಟಿ ಎಂಬ ಅಂದಾಜಿಗೆ ಬಂದರು. ದೇಶ ಒಂದೇ, ಕಾಲವೂ ಒಂದೇ. ಅಂಕಿಗಳ ನಡುವೆ ಮಾತ್ರ ಆರೇಳು ಪಟ್ಟು ಅಂತರ.

ಇಷ್ಟು ಅಂತರ ಬರುವುದು ಹೇಗೆ? ವ್ಯಾಖ್ಯೆಯ ಗೆರೆಯ ಆಚೆ ಈಚೆ ಜಾರಿ ಹೋಗುವವರು ಕೆಲವರು. ದಸರೆ ಮುಗಿಸಿ ಹೊರಟು ಮಿರಗಕ್ಕೆ ಬರುವವರು ಆರು ತಿಂಗಳು ದಾಟಿಬಿಡುತ್ತಾರೆ. ಆದರೆ ಇದಕ್ಕಿಂತ ಆಳದ ದೋಷ ಬೀಗದ್ದು. ಒಂದು ತಾಂಡಾದಲ್ಲಿ ನೂರು ಮನೆ ಇವೆ ಅಂದುಕೊಳ್ಳೋಣ. ಸಮೀಕ್ಷೆಗೆ ಹತ್ತು ಮನೆ ಆರಿಸಿದಿರಿ, ಮೂರಕ್ಕೆ ಬೀಗ. ಅವುಗಳ ಬದಲು ಬಾಗಿಲು ತೆರೆದಿದ್ದ ಇನ್ನು ಮೂರು ಮನೆ ಹಿಡಿದರೆ ಹತ್ತರ ಲೆಕ್ಕವೇನೋ ತುಂಬುತ್ತದೆ. ಆದರೆ ಬಿಟ್ಟುಹೋದವು ಯಾವುವು? ಗುಳೆ ಹೋದ ಮನೆಗಳೇ! ಗುಳೆಯನ್ನು ಅಳೆಯಲು ಬಂದ ಸಮೀಕ್ಷೆ ಗುಳೆ ಹೋಗದವರ ಹತ್ತಿರ ಮಾತಾಡಿ ಮರಳುತ್ತದೆ. ಇದು ಆಕಸ್ಮಿಕವಾಗಿ ಆಗುವ ತಪ್ಪಲ್ಲ, ಒಂದೇ ಕಡೆಗೆ ವಾಲುವ ತಪ್ಪು. ಹತ್ತರ ಬದಲು ಹತ್ತು ಸಾವಿರ ಮನೆಗೆ ಹೋದರೂ ಇದು ಸರಿಹೋಗುವುದಿಲ್ಲ. ಮಾದರಿ ದೊಡ್ಡದಾದಷ್ಟೂ ಸತ್ಯ ಹತ್ತಿರವಾಗುತ್ತದೆ ಎಂಬ ನಂಬಿಕೆಯನ್ನು ಓದಿದವರೂ ಬಿಟ್ಟಿಲ್ಲ, ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ರೈಲು ಟಿಕೆಟ್ ಎಣಿಸುವ ಉಪಾಯವೂ ನಡೆದಿದೆ. ವಾಡಿ ಜಂಕ್ಷನ್ನು ಮುಂಬೈ-ಚೆನ್ನೈ ಮಾರ್ಗದಿಂದ ಸಿಕಂದರಾಬಾದಿನ ದಾರಿ ಕವಲೊಡೆಯುವ ಜಾಗ. ನಿಜಾಮರ ಕಾಲದಲ್ಲಿ, 1874ರಲ್ಲಿ, ಚಿತ್ತಾಪುರ, ಸೇಡಂ ದಾಟಿ ಹೋಗುವ ಆ ದಾರಿ ತೆರೆಯಿತು. ಕೇಂದ್ರ ಸರ್ಕಾರದ 2016-17ರ ಆರ್ಥಿಕ ಸಮೀಕ್ಷೆ ದೇಶದ ಇಂಥ ನಿಲ್ದಾಣಗಳ ಕಾಯ್ದಿರಿಸದ ಟಿಕೆಟುಗಳ ಲೆಕ್ಕ ತೆಗೆದು, ರಾಜ್ಯದಿಂದ ರಾಜ್ಯಕ್ಕೆ ವರ್ಷಕ್ಕೆ ಸುಮಾರು 90 ಲಕ್ಷ ಜನ ಕೆಲಸಕ್ಕಾಗಿ ಹೋಗುತ್ತಾರೆ ಎಂದಿತು. ಜಾಣತನದ ವಿಧಾನ, ಮೆಚ್ಚಬೇಕು. ಆದರೆ ಹೋದವರಲ್ಲಿ ಬಂದವರನ್ನು ಕಳೆದು ಉಳಿದದ್ದನ್ನು ಹಿಡಿಯುವ ಲೆಕ್ಕ ಅದು. ಜನವರಿಯಲ್ಲಿ ಹೋಗಿ ಜೂನಿನಲ್ಲಿ ಬಂದವರು ಅಲ್ಲಿ ಸೊನ್ನೆ. ಚಿಂಚೋಳಿಗಂತೂ ರೈಲೇ ಇಲ್ಲ.

ಎಣಿಕೆ ಸೋತಲ್ಲಿ ಜನರ ನಡುವೆ ಇದ್ದು ನೋಡುವ ವಿಧಾನ ಕೈಹಿಡಿಯುತ್ತದೆ. ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ‘ರಾಂಪುರ’ದಲ್ಲಿ ನೆಲೆಸಿ ಮಾಡಿದ್ದು ಅದನ್ನೇ. ಗುಳೆಯ ವಿಷಯಕ್ಕೆ ನನಗೆ ಇನ್ನೂ ಹತ್ತಿರ ಎನಿಸುವುದು ಸ್ಕಾರ್ಲೆಟ್ ಎಪ್‌ಸ್ಟೈನ್ ಅವರ ಕೆಲಸ. ವಿಯೆನ್ನಾದಿಂದ ನಾಜಿಗಳ ಕಾಟಕ್ಕೆ ತಪ್ಪಿಸಿಕೊಂಡು ಬಂದ ಈ ಹೆಣ್ಣುಮಗಳು 1954ರಿಂದ 1956ರವರೆಗೆ ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಒಂದಕ್ಕೆ ಅವರಿಟ್ಟ ಹೆಸರು ವಂಗಾಲ. ಅಲ್ಲಿ ನಾಲೆಯ ನೀರು ಬಂದು ಕಬ್ಬು ಬೆಳೆದಿತ್ತು. ಇನ್ನೊಂದು ದಲೇನ, ಎತ್ತರದಲ್ಲಿದ್ದುದರಿಂದ ನೀರು ಹತ್ತದ ಒಣ ಹಳ್ಳಿ. ನೀರು ಬಂದ ಊರೇ ಹೆಚ್ಚು ಬದಲಾಗಿರಬೇಕು ಎಂದು ಯಾರಾದರೂ ಊಹಿಸುತ್ತಾರೆ. ಕಂಡದ್ದು ತಿರುಗಾಮುರುಗಾ. ವಂಗಾಲದಲ್ಲಿ ದುಡ್ಡು ಬಂದರೂ ಒಕ್ಕಲಿಗರಿಗೂ ದಲಿತ ಕುಟುಂಬಗಳಿಗೂ ಇದ್ದ ವಂಶಪಾರಂಪರ್ಯದ ಸಂಬಂಧ ಹಾಗೆಯೇ ಉಳಿಯಿತು. ಎಲ್ಲರಿಗೂ ಊರಿನ ಹೊಲಗಳಲ್ಲೇ ಕೆಲಸ. ದಲೇನದವರು ಬದುಕಲು ಹೊರಗೆ ಹೋಗಲೇಬೇಕಾಯಿತು. ಕಾರ್ಖಾನೆ, ವ್ಯಾಪಾರ, ಗುತ್ತಿಗೆಯ ಬೆನ್ನು ಹತ್ತಿದ ಆ ಊರಿನಲ್ಲಿ ಹಳೆಯ ಕಟ್ಟುಪಾಡು ಸಡಿಲವಾಯಿತು.

ಎಪ್‌ಸ್ಟೈನ್ ಅವರ ಬಲ ಇರುವುದು ಹೋಲಿಕೆಯಲ್ಲಿ, ಊರಿನಲ್ಲಿ ಇದ್ದು ಮನೆಮನೆಯ ಆದಾಯ ವೆಚ್ಚ ಬರೆದುಕೊಂಡ ತಾಳ್ಮೆಯಲ್ಲಿ, 1970ರಲ್ಲಿ ಮತ್ತೆ ಅದೇ ಊರುಗಳಿಗೆ ಬಂದದ್ದರಲ್ಲಿ. ಆದರೆ ದಲೇನದ ಉತ್ತರವನ್ನು ಎತ್ತಿ ಚಿಂಚೋಳಿಗೆ ಹಚ್ಚಲಾಗದು. ದಲೇನದವರು ಹೋದದ್ದು ಹತ್ತಿರದ ಮಂಡ್ಯಕ್ಕೆ. ರಾತ್ರಿ ಊಟಕ್ಕೆ ಮನೆಗೆ ಬರಬಹುದಿತ್ತು. ಚಿಂಚೋಳಿಯವರದು ನೂರಾರು ಮೈಲಿ. ಎಷ್ಟೋ ಸಲ ಮೇಸ್ತ್ರಿಯ ಕೈಯಿಂದ ಮುಂಗಡ ತೆಗೆದುಕೊಂಡೇ ಹೋಗಬೇಕು. ವಾಡಿ, ಮಳಖೇಡ, ಸೇಡಂಗಳಲ್ಲಿ ಸುಣ್ಣಕಲ್ಲಿನ ಮೇಲೆ ನಿಂತ ದೊಡ್ಡ ಸಿಮೆಂಟ್ ಕಾರ್ಖಾನೆಗಳಿವೆ. ಆ ಸಿಮೆಂಟು ಹೋಗುವ ಕಟ್ಟಡಗಳ ಹಿಂದೆಯೇ ಈ ನಾಡಿನ ಜನವೂ ಹೋಗುತ್ತಾರೆ. ಬಡತನ ದೂಡುತ್ತದೆ, ನಗರ ಸೆಳೆಯುತ್ತದೆ ಎಂಬ ಪಠ್ಯಪುಸ್ತಕದ ಸಿದ್ಧಾಂತಕ್ಕೆ ಇದು ಪೂರಾ ದಕ್ಕುವುದಿಲ್ಲ. ಒಂದು ತಾಂಡಾ ಪುಣೆಗೇ, ಪಕ್ಕದ್ದು ಹೈದರಾಬಾದಿಗೇ ಏಕೆ ಹೋಗುತ್ತದೆಂದು ತಿಳಿಯಬೇಕಾದರೆ ಮೊದಲು ಹೋದವರು ಯಾರು, ಕರೆದೊಯ್ಯುವ ಮೇಸ್ತ್ರಿ ಯಾರ ನಂಟ ಎಂದು ಕೇಳಬೇಕು.

ಫ್ರೆಂಚ್ ಮಾನವಶಾಸ್ತ್ರಜ್ಞ ಕ್ಲೋದ್ ಮೆಯಾಸು 1975ರಲ್ಲಿ ಹೇಳಿದ ಮಾತು ಇಲ್ಲಿ ನೆನಪಾಗುತ್ತದೆ. ಇಂಥ ಕೂಲಿಯಲ್ಲಿ ನಗರ ದುಡಿಮೆಯ ತಿಂಗಳುಗಳಿಗೆ ಮಾತ್ರ ಬೆಲೆ ಕೊಡುತ್ತದೆ. ಮಗು ಬೆಳೆಸುವುದು, ಮುದಿತನ, ಕಾಯಿಲೆ, ಕೆಲಸವಿಲ್ಲದ ದಿನಗಳು ಎಲ್ಲವೂ ಹಳ್ಳಿಯ ಪಾಲು. 2020ರ ಲಾಕ್‌ಡೌನಿನಲ್ಲಿ ಇದು ಬೀದಿಯಲ್ಲೇ ಕಂಡಿತು. ಮಹಾರಾಷ್ಟ್ರದಿಂದ ಕಲಬುರಗಿ ಜಿಲ್ಲೆಗೆ ಸಾವಿರಾರು ಜನ ಮರಳಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ವಲಸೆ ಕಾರ್ಮಿಕರ ಸಾವಿನ ಅಂಕಿ ತನ್ನಲ್ಲಿಲ್ಲ ಎಂದು ಕೇಂದ್ರ ಸರ್ಕಾರ ಲೋಕಸಭೆಗೆ ಹೇಳಿತು. ನಮ್ಮ ಜನ ಲೆಕ್ಕಕ್ಕೆ ಸಿಗದೆ ಹೋದರಲ್ಲ ಎಂಬ ನೋವು ನನಗೆ ಇನ್ನೂ ಆರಿಲ್ಲ.

ಮುಂದಿನ ಜನಸಂಖ್ಯೆ ಎಣಿಕೆ ನಿಗದಿಯಾಗಿರುವುದು 2027ರ ಫೆಬ್ರುವರಿಗೆ, ಅಂದರೆ ಮತ್ತೆ ತೊಗರಿ ರಾಶಿಯ ನಂತರ. ಆ ತಿಂಗಳನ್ನು ನಾವು ಬದಲಿಸಲಾರೆವು. ಆದರೆ ಸೇಡಂ, ಚಿಂಚೋಳಿ, ಚಿತ್ತಾಪುರದ ಕಾಲೇಜುಗಳ ಸಮಾಜಶಾಸ್ತ್ರದ ವಿದ್ಯಾರ್ಥಿಗಳು ನಾಲ್ಕೈದು ತಾಂಡಾಗಳ ಎಲ್ಲ ಮನೆಗಳ ಪಟ್ಟಿಯನ್ನು ಆಗಸ್ಟಿನಲ್ಲಿ ಬರೆದಿಡಬಹುದು. ಅದೇ ಪಟ್ಟಿ ಹಿಡಿದು ಫೆಬ್ರುವರಿಯಲ್ಲಿ ಮರಳಿ ಹೋದಾಗ, ಬೀಗ ಕಂಡ ಮನೆಯನ್ನು ಬದಲಿಸದೆ ಬೀಗವೆಂದೇ ಗುರುತು ಹಾಕಿ, ಹೋದವರು ಎಷ್ಟು ಜನ, ಯಾವ ಊರಿಗೆ, ಯಾರ ಜೊತೆ, ಮುಂಗಡ ಎಷ್ಟು, ಮಕ್ಕಳನ್ನು ಎಲ್ಲಿ ಬಿಟ್ಟರು ಎಂದು ನೆರೆಯವರನ್ನು ಕೇಳಬೇಕು. ಆಮೇಲೆ ಆ ವಿದ್ಯಾರ್ಥಿಗಳಲ್ಲಿ ಒಂದಿಬ್ಬರು ಪುಣೆಯ ಆ ಶೆಡ್ಡುಗಳಿಗೂ ಹೋಗಿ ಬರಬೇಕು.