ಪ್ರಾಧ್ಯಾಪಕ ಹುದ್ದೆಗೆ ಸಿದ್ಧತೆ: ಪಿಎಚ್.ಡಿ.ಯ ಕೊನೆಯ ವರುಷ



ಮಗನೋ ಮಗಳೋ ಪಿಎಚ್.ಡಿ. ಮುಗಿಸುವ ಹಂತಕ್ಕೆ ಬಂದರೆಂದರೆ ನಮ್ಮ ಮನೆಗಳಲ್ಲಿ ಏಳುವುದು ಒಂದೇ ಪ್ರಶ್ನೆ: "ಕೆಲಸ ಯಾವಾಗ?" ಕಂಪನಿಗಳಲ್ಲಿ ದುಡಿದ ನಮಗೆ ಕೆಲಸವೆಂಬುದು ಯಾವ ತಿಂಗಳಲ್ಲಾದರೂ ದೊರೆಯಬಹುದಾದದ್ದು. ಅಮೆರಿಕದ ವಿಶ್ವವಿದ್ಯಾಲಯಗಳ ಅಧ್ಯಾಪಕ ಹುದ್ದೆ ಹಾಗಲ್ಲ. ಅದು ಮುಂಗಾರು ಬಿತ್ತನೆಯಂತೆ, ಹದ ತಪ್ಪಿದರೆ ಮರುವರ್ಷವೇ ಗತಿ. ಜಾಹೀರಾತುಗಳು ಆಗಸ್ಟ್‌ನಿಂದ ಹೊರಬೀಳುತ್ತವೆ. ಅರ್ಜಿಯ ಕೊನೆಯ ದಿನಾಂಕ ಬಹುಮಟ್ಟಿಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಸಂದರ್ಶನಗಳು ಚಳಿಗಾಲದಲ್ಲಿ, ಕೆಲಸಕ್ಕೆ ಸೇರುವುದು ಅದರ ಮುಂದಿನ ಆಗಸ್ಟ್‌ನಲ್ಲಿ. ಆದುದರಿಂದ ಸಿದ್ಧತೆ ಆರಂಭವಾಗಬೇಕಾದದ್ದು ಸೇರುವುದಕ್ಕೆ ಒಂದೂವರೆ ವರ್ಷ ಮೊದಲು.

ಈ ಹುದ್ದೆಗಳು ಇಷ್ಟು ದುರ್ಲಭವೇಕೆ? 1989ರಲ್ಲಿ ವಿಲಿಯಂ ಬೋವೆನ್ ಮತ್ತು ಜೂಲಿ ಆನ್ ಸೋಸಾ ಅವರು ತಮ್ಮ ಗ್ರಂಥವೊಂದರಲ್ಲಿ, 1990ರ ದಶಕದ ಉತ್ತರಾರ್ಧದಲ್ಲಿ ಕಲಾ-ವಿಜ್ಞಾನ ವಿಭಾಗಗಳಿಗೆ ಅಧ್ಯಾಪಕರ ತೀವ್ರ ಕೊರತೆ ಉಂಟಾಗುವುದೆಂದು ಲೆಕ್ಕ ಹಾಕಿದ್ದರು. ಆ ಕೊರತೆ ಬರಲೇ ಇಲ್ಲ. ರಾಜ್ಯ ಸರಕಾರಗಳ ಅನುದಾನ ಇಳಿಯಿತು. 1994ರ ಆರಂಭದಿಂದ ಪ್ರಾಧ್ಯಾಪಕರಿಗೆ ಕಡ್ಡಾಯ ನಿವೃತ್ತಿಯೂ ಇಲ್ಲವಾಯಿತು. ಖಾಯಂ ಹುದ್ದೆಗಳ ಬದಲು ಅರೆಕಾಲಿಕ ಅಧ್ಯಾಪಕರ ನೇಮಕ ಹೆಚ್ಚಿತು. ಇನ್ನೊಂದು ಸಂಗತಿಯನ್ನು ತಂದೆತಾಯಿಗಳು ಗಮನಿಸಬೇಕು. 'ನೇಚರ್' ಪತ್ರಿಕೆಯಲ್ಲಿ 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಮೆರಿಕದಲ್ಲೇ ಪಿಎಚ್.ಡಿ. ಪಡೆದ ಅಧ್ಯಾಪಕರಲ್ಲಿ ಶೇಕಡ 80ರಷ್ಟು ಮಂದಿ ಬಂದಿರುವುದು ಶೇಕಡ 20ರಷ್ಟು ವಿಶ್ವವಿದ್ಯಾಲಯಗಳಿಂದ ಮಾತ್ರ. ಹುದ್ದೆ ದೊರೆಯಲಿಲ್ಲವೆಂದರೆ ಮಕ್ಕಳು ಓದಲಿಲ್ಲವೆಂದು ಅರ್ಥವಲ್ಲ.

ಅರ್ಜಿಯಲ್ಲಿ ಸಿ.ವಿ., ಪತ್ರ, ಸಂಶೋಧನೆ ಮತ್ತು ಬೋಧನೆಯ ಬಗ್ಗೆ ಒಂದೊಂದು ಹೇಳಿಕೆ ಇರುತ್ತವೆ. ಇವೆಲ್ಲಕ್ಕಿಂತ ತೂಕದ್ದು ಮೂರು ಶಿಫಾರಸು ಪತ್ರಗಳು. ಇಲ್ಲಿಯೇ ನಮ್ಮವರ ಸಂಕೋಚ ಅಡ್ಡಬರುತ್ತದೆ. ಗುರುಗಳನ್ನು ಹೇಗೆ ಕೇಳುವುದೆಂದು ಕೊನೆಯ ವಾರದವರೆಗೆ ಸುಮ್ಮನಿದ್ದು, ಅವಸರದಲ್ಲಿ ಬರೆದ ಎರಡು ಪ್ಯಾರಾದ ಪತ್ರವನ್ನು ಪಡೆಯುವುದು ಅವಿವೇಕ. ಒಂದು ತಿಂಗಳಾದರೂ ಮುಂಚೆ ಕೇಳಬೇಕು, ಸಿ.ವಿ., ಪ್ರಬಂಧದ ಸಾರಾಂಶ, ಕೊನೆಯ ದಿನಾಂಕಗಳ ಪಟ್ಟಿ ಜೊತೆಗೆ ಕೊಡಬೇಕು. "ಬಲವಾದ ಪತ್ರ ಬರೆಯಲು ತಮಗೆ ಸಾಧ್ಯವೇ?" ಎಂದು ನೇರವಾಗಿ ಕೇಳುವುದು ಈ ದೇಶದಲ್ಲಿ ಉದ್ಧಟತನವಲ್ಲ. 1974ರ ಶಾಸನದಂತೆ ಪತ್ರವನ್ನು ನೋಡುವ ಹಕ್ಕು ವಿದ್ಯಾರ್ಥಿಗೆ ಉಂಟು. ಆದರೆ ಆ ಹಕ್ಕನ್ನು ಬಿಟ್ಟುಕೊಡುವುದೇ ರೂಢಿ, ಗೋಪ್ಯವಾದ ಪತ್ರಕ್ಕೇ ಆಯ್ಕೆ ಸಮಿತಿ ಬೆಲೆ ಕೊಡುತ್ತದೆ.

ಎಲ್ಲ ಕಡೆಗೂ ಒಂದೇ ಪತ್ರ ಕಳಿಸುವುದೂ ಸಲ್ಲದು. ಬೋಧನೆಯೇ ಮುಖ್ಯವಾದ ಸಣ್ಣ ಕಾಲೇಜಿಗೆ ಮೊದಲ ಎರಡು ಪುಟ ಸಂಶೋಧನೆಯನ್ನೇ ವರ್ಣಿಸಿದರೆ ಓದುವವರು ಅಲ್ಲಿಗೇ ನಿಲ್ಲಿಸುತ್ತಾರೆ.

ಪದ್ಧತಿಗಳು ಶಾಸ್ತ್ರದಿಂದ ಶಾಸ್ತ್ರಕ್ಕೆ ಬೇರೆ. ಅರ್ಥಶಾಸ್ತ್ರದಲ್ಲಿ 2006ರಿಂದ ಒಂದು ಸ್ವಾರಸ್ಯಕರ ಏರ್ಪಾಡು ಬಂದಿದೆ: ಅಭ್ಯರ್ಥಿಯು ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್ ಮೂಲಕ ಎರಡೇ ಎರಡು ಕಡೆಗೆ ತನ್ನ ವಿಶೇಷ ಆಸಕ್ತಿಯನ್ನು ತಿಳಿಸಬಹುದು. ಎರಡೇ ಆದುದರಿಂದಲೇ ಅದಕ್ಕೆ ಬೆಲೆ. ಸಾಹಿತ್ಯದವರಿಗೆ 2009ರವರೆಗೂ ಕ್ರಿಸ್‌ಮಸ್ ಮುಗಿದ ಬೆನ್ನಲ್ಲೇ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ ಸಮ್ಮೇಳನದ ಹೋಟೆಲ್ ಕೋಣೆಗಳಲ್ಲಿ ಸಂದರ್ಶನ ನಡೆಯುತ್ತಿತ್ತು. ಮೊದಲ ಸುತ್ತು ಈಗ ಹೆಚ್ಚಾಗಿ ವಿಡಿಯೋದಲ್ಲೇ ಮುಗಿಯುತ್ತದೆ. ಪ್ರಯಾಣದ ಖರ್ಚಂತೂ ಉಳಿಯಿತು.

ಕೊನೆಯ ಮೂರ್ನಾಲ್ಕು ಮಂದಿಯನ್ನು ಮಾತ್ರ ಕ್ಯಾಂಪಸ್ಸಿಗೆ ಕರೆಸುತ್ತಾರೆ. ಅಲ್ಲಿನ ಒಂದು ಗಂಟೆಯ ಉಪನ್ಯಾಸವೇ ನಿರ್ಣಾಯಕ. ಕೇಳುವವರಲ್ಲಿ ಬಹುಪಾಲು ಮಂದಿ ಆ ಕಿರುಶಾಖೆಯವರಲ್ಲ. ಅವರಿಗೆ ತಿಳಿಯದಿದ್ದರೆ ಅವರ ಮತವೂ ಇಲ್ಲ. ಬೇರೆ ವಿಭಾಗದ ಗೆಳೆಯರೆದುರು ಎರಡು ಮೂರು ಬಾರಿ ಅಭ್ಯಾಸ ಮಾಡುವುದು ಲೇಸು. ಜೀವಶಾಸ್ತ್ರದವರು ಸ್ಲೈಡುಗಳಿಲ್ಲದೆ ಬರಿಯ ಬೋರ್ಡಿನ ಮುಂದೆ ನಿಂತು ಮುಂದಿನ ಯೋಜನೆಗಳನ್ನೂ ವಿವರಿಸಬೇಕಾಗುತ್ತದೆ. ಊಟದ ಮೇಜೂ ಪರೀಕ್ಷೆಯೇ. ಸಸ್ಯಾಹಾರಿಗಳಾದರೆ ಮುಂಚಿತವಾಗಿ ತಿಳಿಸಿಬಿಡಿ, ಯಾರೂ ತಪ್ಪು ತಿಳಿಯುವುದಿಲ್ಲ.

ಎಷ್ಟು ವರ್ಷ ಪ್ರಯತ್ನಿಸಬೇಕು? ಎರಡು ಬಾರಿ, ಹೆಚ್ಚೆಂದರೆ ಮೂರು ಎಂಬುದು ನಮ್ಮ ಅಭಿಪ್ರಾಯ. ಆ ಮಿತಿಯನ್ನು ಮೊದಲೇ, ಮನೆಯವರೊಡನೆ ಕುಳಿತು ಗೊತ್ತುಪಡಿಸಿಕೊಳ್ಳಬೇಕು. ಒಂದೊಂದು ತರಗತಿಗೆ ಇಷ್ಟೆಂದು ಕೂಲಿ ಪಡೆಯುವ ಅಡ್ಜಂಕ್ಟ್ ಕೆಲಸದಲ್ಲಿ, ಮುಂದಿನ ವರ್ಷ ಆದೀತೆಂದು ಮೂವತ್ತರ ವಯಸ್ಸನ್ನೆಲ್ಲ ಕಳೆದವರು ಅನೇಕರು.

ವೀಸಾದ ಮೇಲೆ ಇರುವವರಿಗೆ ಮತ್ತೆರಡು ಮಾತು. ವಿಶ್ವವಿದ್ಯಾಲಯದ ಎಚ್-1ಬಿ ಅರ್ಜಿಗಳು ವಾರ್ಷಿಕ ಮಿತಿಗೆ ಒಳಪಡುವುದಿಲ್ಲ, ಲಾಟರಿಯ ಭಯವಿಲ್ಲ. ಗ್ರೀನ್ ಕಾರ್ಡಿಗಾಗಿ ಕಾಲೇಜು ಅಧ್ಯಾಪಕರ ವಿಶೇಷ ಕ್ರಮದಲ್ಲಿ ಲೇಬರ್ ಸರ್ಟಿಫಿಕೇಷನ್ ಕೋರುವುದಾದರೆ, ಆಯ್ಕೆಯಾದ 18 ತಿಂಗಳೊಳಗೆ ವಿಶ್ವವಿದ್ಯಾಲಯವು ಅರ್ಜಿ ಸಲ್ಲಿಸಬೇಕು. ಹುದ್ದೆಯ ಜಾಹೀರಾತು ರಾಷ್ಟ್ರಮಟ್ಟದ ವೃತ್ತಿಪತ್ರಿಕೆಯಲ್ಲಿ ಪ್ರಕಟವಾಗಿತ್ತೆಂಬುದಕ್ಕೆ ದಾಖಲೆ ಬೇಕಾಗುತ್ತದೆ. ಆದುದರಿಂದ ಆಯ್ಕೆ ಪತ್ರ ಕೈಸೇರಿದ ವಾರದಲ್ಲೇ ಆ ಜಾಹೀರಾತಿನ ಪ್ರತಿಯನ್ನು ಕೇಳಿ ತೆಗೆದಿರಿಸಿಕೊಳ್ಳಿ.