ಹೊಗೆ ಮತ್ತು ಉಸಿರು

ಅರಕಲಗೂಡು ತಾಲ್ಲೂಕಿನ ರೈತರು ಬೆಳೆಯುವ ಹೊಗೆಸೊಪ್ಪು ರಾಮನಾಥಪುರದಲ್ಲಿ ಹರಾಜಾಗುತ್ತದೆ. ಬೆಳೆದವನಿಗೆ ಅನ್ನವೀಯುವ ಈ ಎಲೆ ಸಿಗರೇಟಾಗಿ ಸೇದುವವನ ಉಸಿರನ್ನು ಕಸಿಯುತ್ತದೆ. ಈ ನಷ್ಟವು ಬೈಸಿಕಲ್ ಸವಾರನಿಗೆ ಬಲುಬೇಗ ತಿಳಿಯುತ್ತದೆ.

ಹಾಸನದಿಂದ ಹೊಳೆನರಸೀಪುರಕ್ಕಾಗಲಿ ಚನ್ನರಾಯಪಟ್ಟಣಕ್ಕಾಗಲಿ 30 ಕಿಲೋಮೀಟರಿಗೂ ಮಿಕ್ಕ ದಾರಿ. ಏರು ಬಂದೊಡನೆ ಕಾಲಿನ ಸ್ನಾಯುಗಳು ಹೆಚ್ಚು ಆಮ್ಲಜನಕವನ್ನು ಬೇಡುತ್ತವೆ. ಅದನ್ನು ಹೊತ್ತೊಯ್ಯುವುದು ರಕ್ತದಲ್ಲಿರುವ ಹಿಮೋಗ್ಲೋಬಿನ್. ಆದರೆ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಆ ಸ್ಥಾನವನ್ನು ಆಕ್ರಮಿಸುತ್ತದೆ. ಸವಾರನು ಏದುಸಿರು ಬಿಡುತ್ತಾ ಕೆಳಗಿಳಿಯಬೇಕಾಗುತ್ತದೆ.

ಸೇದುವುದನ್ನು ಬಿಟ್ಟರೆ ಒಂದೆರಡು ದಿನಗಳಲ್ಲಿಯೇ ಈ ವಿಷಾನಿಲವು ರಕ್ತದಿಂದ ತೊಲಗುತ್ತದೆ. ಕೆಮ್ಮು, ಏದುಸಿರುಗಳು ತಗ್ಗಲು ತಿಂಗಳುಗಳು ಬೇಕು. ನಿಕೋಟಿನ್ನಿನ ಸೆಳೆತ ಮೊದಲ ವಾರಗಳಲ್ಲಿ ತೀವ್ರವಾದರೂ ಪ್ರತಿ ಸಲವೂ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಆ ನಿಮಿಷಗಳನ್ನು ಕಳೆಯಲು ಬೈಸಿಕಲ್ ತುಳಿಯುವ ವ್ಯಾಯಾಮವೂ ನೆರವಾಗುತ್ತದೆ. ಸಿಗರೇಟನ್ನು ಮುಟ್ಟದವನಿಗಾದರೋ ಬಿಡುವ ಕಷ್ಟವೇ ಇಲ್ಲ.